ಎರಡು ನಿಮಿಷದ ಹಂಚಿಕೆ

ನೋಡಿ, ಮೊದಲೇ ಹೇಳಿಬಿಡ್ತೀನಿ. ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ನಿಮ್ಮೆದುರು ಕೂತು ಚಹಾ ಕುಡೀತಿರೋಳು ಸಾಮಾನ್ಯದೋಳಲ್ಲ. ಹಾರ್ಟ್‌ವೆಲ್ ಅನ್ನೋ ಬಿಳಿಯರ ಊರನ್ನ ಪೂರ್ತಿ ಎರಡು ನಿಮಿಷ ಮಿಸುಕಾಡದ ಹಾಗೆ ನಿಲ್ಲಿಸಿ, ಅವರ ಕಾನೂನನ್ನ ಅವರ ಸ್ಮಾರಕದ ಕಲ್ಲಿನ ಮುಂದೇನೇ ಮುರಿದೋಳು ನಾನು. ಮೇಯರ್ ಇದ್ದ. ಪಾದ್ರಿ ಇದ್ದ. ಕೆಂಪು ಕೋಟಿನ ಪೊಲೀಸ್ ಇದ್ದ, ಸೊಂಟದಲ್ಲಿ ಪಿಸ್ತೂಲಿತ್ತು. ನಮ್ಮ ಜನಕ್ಕೆ ಅಂತ ಸರ್ಕಾರ ಗೆರೆ ಎಳೆದಿಟ್ಟ ರಿಸರ್ವು, ಅದರ ಮೇಲೆ ಕೂರಿಸಿದ್ದ ಏಜೆಂಟ್ ಕ್ರಾಡಕ್ ಇದ್ದ. ಒಬ್ಬನೂ ಬೆರಳು ಎತ್ತಲಿಲ್ಲ. ನಾನು ಒಂದು ಗುಂಡು ಹಾರಿಸಲಿಲ್ಲ. ಒಂದು ಮಾತಾಡಲಿಲ್ಲ. ಹಿಟ್ಲರನ ಕೈಲೂ ಆಗದ ಕೆಲಸ ಅದು.

ಹೆಸರು ಡೆಲ್ಫೀನ್ ಮಸ್ಕ್ವಾ. ಮಸ್ಕ್ವಾ ಅಂದ್ರೆ ನಮ್ಮ ಕ್ರೀ ಮಾತಲ್ಲಿ ಕರಡಿ. ನಾವು ಈ ನೆಲದ ಮೂಲದೋರು, ಬಿಳಿಯರು ಬಂದು 'ಇಂಡಿಯನ್ನರು' ಅಂತ ಹೆಸರಿಟ್ರು. ಇಂಥ ಕೆಲಸಕ್ಕೆ ಎದೆ ಬೇಕು. ಎದೆ ಇತ್ತು ನನ್ನ ಹತ್ರ. ಅದರ ಮೇಲೆ ಪದಕಾನೂ ಇತ್ತು.

"ಕರಡಿಯಂತೆ," ಅಂತಾಳೆ ನಮ್ಮಮ್ಮ, ಒಲೆ ಪಕ್ಕದಿಂದ. "ಹುಂಜ ಅಟ್ಟಿಸ್ಕೊಂಡು ಬಂದ್ರೆ ಮರ ಹತ್ತುತ್ತಿದ್ದೋಳು."

ಅವಳು ಫಿಲೊಮೀನ್. ನನ್ನ ಹೆತ್ತೋಳು. ಅಲ್ಲಿ ಕೂತು ಕೂದಲು ಬಾಚ್ಕೊಳ್ತಾ ಇದಾಳಲ್ಲ, ಆ ಜಡೆ ನೋಡಿ. ಸೊಂಟ ದಾಟಿದೆ. ಆ ಜಡೆ ನೆನಪಲ್ಲಿಟ್ಕೊಳ್ಳಿ. ಅದಕ್ಕೋಸ್ಕರಾನೇ ಇಷ್ಟೆಲ್ಲ ಆಗಿದ್ದು.

ನಾನು ಇಂಗ್ಲಿಷ್ ಕಲಿತಿದ್ದು ಎರಡು ಕಡೆ. ಒಂದು, ಪಾದ್ರಿಗಳ ಬೋರ್ಡಿಂಗ್ ಶಾಲೆ. ಅಲ್ಲಿ ಕ್ರೀ ಮಾತಾಡಿದ್ರೆ ಬಾಯಿಗೆ ಸೋಪು ತುರುಕ್ತಿದ್ರು. ಇನ್ನೊಂದು, ಹಾರ್ಟ್‌ವೆಲ್ ಟಾಕೀಸು. ಅಲ್ಲಿ ನಮಗೆ ಅಂತ ಪರದೆ ಕೆಳಗೆ ಎಡಗಡೆ ಬೆಂಚು. ಬೇರೆ ಕಡೆ ಕೂತ್ರೆ ಕಾಲರ್ ಹಿಡಿದು ಎಬ್ಬಿಸೋರು. ಶಾಲೆ ಇಂಗ್ಲಿಷು 'ಎಸ್ ಫಾದರ್' ಅನ್ನೋಕಷ್ಟೇ ಸಾಕಾಗ್ತಿತ್ತು. ಮಿಕ್ಕಿದ್ದಕ್ಕೆಲ್ಲ ಟಾಕೀಸಿನ ಇಂಗ್ಲಿಷು.

ಎಲ್ಲಾ ಕೌಬಾಯ್ ಸಿನಿಮಾನೇ. ಎಲ್ಲದರಲ್ಲೂ ಸಾಯೋದು ನಾವೇ. ಒಂದು ಗುಂಡಿಗೆ ಮೂರು ಜನ ಕುದುರೆಯಿಂದ ಉದುರ್ತಾರೆ. ನಮ್ಮಣ್ಣ ಇಗ್ನೇಸ್ ಇದ್ನಲ್ಲ, ಒಬ್ಬೊಬ್ಬ ಬಿದ್ದಾಗ್ಲೂ ಎದ್ದು ನಿಂತು, "ಅಯ್ಯೋ, ಜೊವಾಕಿಮ್ ಮಾವ ಹೋಗ್ಬಿಟ್ನಲ್ಲಪ್ಪೋ," ಅಂತ ಎದೆ ಬಡ್ಕೊಳ್ತಿದ್ದ. ಜೊವಾಕಿಮ್ ಮಾವ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲೀತಿರ್ತಿದ್ದ. "ಈ ಸಲ ಬೆನ್ನಿಗೆ ಬಿತ್ತು ಕಣೋ, ಅಷ್ಟೇನೂ ನೋವಾಗ್ಲಿಲ್ಲ," ಅಂತಿದ್ದ. ಬೆಂಚಿಗೆ ಬೆಂಚೇ ನಗ್ತಿತ್ತು. ಹಿಂದಿನ ಸೀಟಿನೋರು ಬೈಯೋರು. ನಮ್ಮನ್ನ ಹೊರಗೆ ಹಾಕೋರು. ಹೊರಗೆ ಬಂದು ನಾನು ಬೀದೀಲಿ ಕಾಲು ಅಗಲಿಸಿ ನಿಂತು ಡೈಲಾಗ್ ಹೊಡೀತಿದ್ದೆ: "ಬಂದೂಕು ನಿನ್ನ ಕೈಲಿರಬಹುದು ಷೆರಿಫ್, ಸೂರ್ಯ ನನ್ನ ಬೆನ್ನಿಗಿದಾನೆ." ಯಾವ ಸಿನಿಮಾದಲ್ಲೂ ಇಲ್ಲ ಅದು. ನಾನೇ ಕಟ್ಟಿದ್ದು.

ಯುದ್ಧ ಬಂತು. ಇಗ್ನೇಸ್ ಸೈನ್ಯ ಸೇರಿದ್ದು ಬೂಟಿನ ಆಸೆಗೆ. ನಾನು ಸೇರಿದ್ದು ಅವನು ಸೇರಿದ್ನಲ್ಲ ಅಂತ. ರಿಸರ್ವ್ ಬಿಟ್ಟು ಆಚೆ ಹೋಗೋಕೆ ಏಜೆಂಟನ ಚೀಟಿ ಬೇಕು. ಅದರ ಹಿಂದಿನ ವರ್ಷ ಚಿಕ್ಕಮ್ಮನ ಮಣ್ಣಿಗೆ ಹೋಗ್ತೀನಿ ಅಂದಾಗ ಕ್ರಾಡಕ್ ಚೀಟಿ ಕೊಟ್ಟಿರಲಿಲ್ಲ. ಯುದ್ಧಕ್ಕೆ ಅಂದ ಕೂಡಲೇ ಬರೆದುಕೊಟ್ಟ. ಹೆಣ ನೋಡೋಕೆ ಬಿಡದೋನು, ಹೆಣ ಆಗೋಕೆ ಹೋಗ್ತೀವಿ ಅಂದ್ರೆ ಎದ್ದು ನಿಂತು ಕೈ ಕುಲುಕಿದ.

ತರಬೇತಿ ಕ್ಯಾಂಪಲ್ಲಿ ಮೊದಲು ಕಲಿಸಿದ್ದು ನಿಲ್ಲೋದು. ಅಟೆನ್ಷನ್. ಹಿಮ್ಮಡಿ ಕೂಡಬೇಕು, ಗದ್ದ ಎತ್ತಬೇಕು, ಹೆಬ್ಬೆರಳು ಲಂಗದ ಹೊಲಿಗೆ ಮೇಲೆ. ಮೂಗಿನ ಮೇಲೆ ನೊಣ ಕೂತ್ರೂ ಸರಿ, ಪಕ್ಕದೋಳು ಮೂರ್ಛೆ ಬಿದ್ರೂ ಸರಿ. ಬೆಳಗ್ಗೆಯಿಂದ ಸಂಜೆಗಂಟ ಅದೇ. ಸಾರ್ಜೆಂಟಮ್ಮ ಹೇಳ್ತಿದ್ಲು, "ಇದು ತಲೆಗೆ ಹೋಗೋ ವಿದ್ಯೆ ಅಲ್ಲ ಹುಡುಗೀರಾ, ಕಾಲಿಗೆ ಹೋಗಬೇಕು." ಹೋಯ್ತು. ಚೆನ್ನಾಗೇ ಹೋಯ್ತು.

ಆಮೇಲೆ ಹಡಗು. ಆಮೇಲೆ ಇಂಗ್ಲೆಂಡು. ನಾನು ಅಂದ್ಕೊಂಡಿದ್ದೆ, ಟ್ರಕ್ ಓಡಿಸ್ತೀನಿ, ವಿಮಾನ ಹೊಡೆಯೋ ತೋಪಿನ ಹತ್ರ ನಿಲ್ತೀನಿ ಅಂತ. ಸಾಲಾಗಿ ನಿಲ್ಲಿಸಿದ್ರು. ಬಿಳಿ ಹುಡುಗೀರಿಗೆ ಟೈಪು, ಟೆಲಿಫೋನು, ಟ್ರಕ್ಕು. ನನ್ನ ಮುಖ ನೋಡಿ ಆಫೀಸರಮ್ಮ ಹೇಳಿದ್ಲು, "ನಿಮ್ಮೋರು ಕೈಕೆಲಸದಲ್ಲಿ ಗಟ್ಟಿ." ಒಗೆಯೋ ಮನೆಗೆ ಹಾಕಿದ್ರು.

ಸತ್ತವರ ಬಟ್ಟೆ ಬರೋದು ನಮ್ಮ ಹತ್ರ. ಸಾಯದವರದ್ದೂ ಬರೋದು. ತೊಳೆದು, ತೂತಿಗೆ ತೇಪೆ ಹಾಕಿ, ಮತ್ತೊಬ್ಬನಿಗೆ ಕೊಡೋರು. ರಕ್ತ ತಣ್ಣೀರಲ್ಲಿ ಬಿಡಿಸಬೇಕು. ಬಿಸಿ ನೀರು ಹಾಕಿದ್ರೆ ಕೂತ್ಬಿಡುತ್ತೆ, ಹೋಗಲ್ಲ. ಚಳಿಗಾಲದಲ್ಲಿ ಮೊಣಕೈತನಕ ತಣ್ಣೀರು. ಆಮೇಲೆ ಕುದಿಯೋ ಕೊಪ್ಪರಿಗೆ. ತಣ್ಣೀರು, ಕೊಪ್ಪರಿಗೆ, ಕಾಸ್ಟಿಕ್ ಸೋಡ. ಬೆರಳ ಗೆಣ್ಣು ಸೀಳೋವು. ನಮ್ಮ ರಕ್ತ ಬಟ್ಟೆಗೆ ಹತ್ತೋದು, ಮತ್ತೆ ತಣ್ಣೀರು. ಒದ್ದೆ ಕಂಬಳಿ ಎತ್ತಿ ಎತ್ತಿ ಸೊಂಟ ಮುದುಕೀರದ್ದಾಯ್ತು. ಇಪ್ಪತ್ತು ವರ್ಷ ನನಗೆ ಆಗ.

ಸಿನಿಮಾ ಆಗಿದ್ರೆ ಒಂದು ದಿನ ಇಗ್ನೇಸನ ಅಂಗಿ ಸಿಗ್ತಿತ್ತು ನನಗೆ. ಅಮ್ಮ ಅವನ ಅಂಗಿ ಕೊರಳಪಟ್ಟಿ ಒಳಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕ್ತಿದ್ಲು. ಪ್ರತಿ ಅಂಗಿ ಕೊರಳು ಮಗುಚಿ ನೋಡ್ತಿದ್ದೆ. ಸೈನ್ಯದ ಅಂಗಿಗೆ ಅಮ್ಮನ ಹೊಲಿಗೆ ಎಲ್ಲಿಂದ ಬರಬೇಕು? ಆದ್ರೂ ನೋಡ್ತಿದ್ದೆ. ಸಿಗಲಿಲ್ಲ. ಇದರಲ್ಲಿ ಸುಳ್ಳು ಹೇಳಲ್ಲ.

ಒಬ್ಬ ಕಾರ್ಪೊರಲ್ ಇದ್ದ. ನನ್ನನ್ನ 'ಪ್ರಿನ್ಸೆಸ್' ಅಂತ ಕರೀತಿದ್ದ, ಸಿನಿಮಾದ ಇಂಡಿಯನ್ನರ ಹಾಗೆ ಬಾಯಿ ಮೇಲೆ ಕೈ ಬಡಿದು ಊಳಿಡ್ತಿದ್ದ. ಅವನ ಪೈಜಾಮದ ಎರಡೂ ಕಾಲನ್ನ ಮೊಣಕಾಲಿನ ಹತ್ರ ಒಳಗಿಂದ ಹೊಲಿದು, ಇಸ್ತ್ರಿ ಮಾಡಿ, ಮಡಿಚಿ ಕಳಿಸಿದೆ. ಅವತ್ತು ಬಾಂಬಿನ ಸೈರನ್ ಆಯ್ತು. ಕಾರ್ಪೊರಲ್ ಹಾಸಿಗೆಯಿಂದ ಹಾರಿದ್ದು, ಹೊರಗೆ ಕಪ್ಪೆ ಥರ ಬಂದಿದ್ದು, ಇಡೀ ಕ್ಯಾಂಪು ನೋಡ್ತು. ಆಮೇಲೆ ನನ್ನನ್ನ ಪ್ರೈವೇಟ್ ಮಸ್ಕ್ವಾ ಅಂತಾನೇ ಕರೆದ.

ಆದ್ರೆ ಆ ದೇಶದಲ್ಲಿ ಒಂದಿತ್ತು. ಶನಿವಾರ ಯೂನಿಫಾರ್ಮ್ ಹಾಕ್ಕೊಂಡು ಬಾರಿಗೆ ಹೋದ್ರೆ, ಮುದುಕರು ಸರಿದು ಜಾಗ ಕೊಡ್ತಿದ್ರು. "ಏನು ತಗೋತೀಯಮ್ಮ, ಸೋಲ್ಜರ್?" ಅಂತಿದ್ರು. ನನ್ನ ಕಾಸು ಕಾಸೇ ಅಲ್ಲಿ. ನನ್ನ ಲೋಟ ಲೋಟಾನೇ.

ಇಗ್ನೇಸ್ ಸತ್ತ ಸುದ್ದಿ ಅಮ್ಮನಿಗೆ ಹೇಳಿದ್ದು ಕ್ರಾಡಕ್. ಅಮ್ಮ ರೇಷನ್ ಹಿಟ್ಟಿಗೆ ಸಾಲಲ್ಲಿ ನಿಂತಿದ್ಲು. ಅವಳ ಸರದಿ ಬಂದಾಗ ಹಿಟ್ಟು ತೂಗ್ತಾ ತೂಗ್ತಾನೇ ಹೇಳಿದ, "ಫಿಲೊಮೀನ್, ನಿನ್ನ ಹುಡುಗ ಹಾಲೆಂಡಲ್ಲಿ ಹೋದ. ಧೈರ್ಯವಾಗಿ ಹೋದನಂತೆ. ಚೀಲ ಅಗಲಿಸಿ ಹಿಡಿ." ಅಮ್ಮ ಚೀಲ ಅಗಲಿಸಿ ಹಿಡಿದ್ಲು. ಹಿಟ್ಟು ಹೊತ್ಕೊಂಡು ಮನೆಗೆ ನಡೆದು ಬಂದ್ಲು. ಚೀಲ ಇಳಿಸಿದ್ಲು. ಕುರಿ ಉಣ್ಣೆ ಕತ್ತರಿಸೋ ಕತ್ತರಿ ತಗೊಂಡು ಜಡೆ ಬುಡಕ್ಕೆ ಇಟ್ಲು.

ನಮ್ಮಲ್ಲಿ ಹಾಗೆ. ಸತ್ತವರಿಗೆ ಅಂತ ಕೂದಲು ಕತ್ತರಿಸ್ತೀವಿ. ವರ್ಷ ತುಂಬಿದ ಮೇಲೆ ಊಟ ಹಾಕಿ, ಹಂಚ್ತೀವಿ. ಕಂಬಳಿ, ಕೈಗವಸು, ಚಹಾ, ಹೊಗೆಸೊಪ್ಪು, ಮನೇಲಿ ಇರೋದೆಲ್ಲ. ಆಗ ಹೋದೋರ ಕಾಲಿನ ಗಂಟು ಬಿಚ್ಚುತ್ತೆ, ಮುಂದಕ್ಕೆ ನಡೀತಾರೆ. ಉಳಿದೋರು ಕೂದಲು ಬಿಡ್ತಾರೆ. ಮರ್ಯಾದೆ ಇರೋದು ಕೊಡೋನಿಗೆ, ಕೂಡಿಡೋನಿಗಲ್ಲ. ಒಂದೇ ಒಂದು ಕಟ್ಟುಪಾಡು. ಮನೆಯೋರಿಗೆ ಕೊಡೋ ಹಾಗಿಲ್ಲ. ಹಂಚೋದು ಪರರಿಗೆ. ಸ್ವಂತ ಮಗಳಿಗೆ ಒಂದು ಸೂಜಿ ಕೊಟ್ರೂ ಅದು ಹಂಚಿಕೆ ಅನ್ನಿಸ್ಕೊಳ್ಳಲ್ಲ.

ಇದು ಅಪರಾಧ. ತಮಾಷೆ ಮಾಡ್ತಿಲ್ಲ. ಇದ್ದದ್ದನ್ನ ಹಂಚಿದ್ರೆ ಜೈಲು ಅಂತ ಕಾನೂನಿತ್ತು ಈ ದೇಶದಲ್ಲಿ. ಹಂಚಿದೋರಿಗೂ ಜೈಲು, ಕೈಜೋಡಿಸಿದೋರಿಗೂ ಜೈಲು. ಜೊವಾಕಿಮ್ ಮಾವ ಹೆಂಡತಿ ಸತ್ತಾಗ ಒಂದು ಕುದುರೆ ಕೊಟ್ಟಿದ್ದಕ್ಕೆ ಚಳಿಗಾಲ ಪೂರ್ತಿ ಒಳಗಿದ್ದು ಬಂದ. ಬಂದು ಹೇಳಿದ, "ಕುದುರೆ ಕದ್ದಿದ್ರೆ ಬೇಗ ಬಿಡ್ತಿದ್ರು."

ಹಾಗಾಗಿ ಅಮ್ಮನ ಕೂದಲು ಬೆಳೆಯಲಿಲ್ಲ. ಸ್ವಲ್ಪ ಬರೋದು, ಕತ್ತರಿಸೋಳು. ಸ್ವಲ್ಪ ಬರೋದು, ಕತ್ತರಿಸೋಳು. ನಾನು ವಾಪಸ್ ಬಂದು ಬಾಗಿಲಲ್ಲಿ ನಿಂತಾಗ ಯಾರೋ ಗಂಡಸು ಕೂತಿದಾನೆ ಅಂದ್ಕೊಂಡೆ. ಊರಲ್ಲಿ ಯಾರ ಮನೆ ಊಟಕ್ಕೂ ಹೋಗ್ತಿರಲಿಲ್ಲ ಅವಳು. ಬಣ್ಣದ ಬಟ್ಟೆ ಉಡ್ತಿರಲಿಲ್ಲ. ಇಗ್ನೇಸ್ ಹಾಲೆಂಡಿನ ಕೆಸರಲ್ಲಿ ಕಟ್ಟಿ ಹಾಕಿದ ಕುದುರೆ ಥರ ನಿಂತೇ ಇದಾನೆ ಅಂತಿದ್ಲು. ಕನಸಲ್ಲಿ ಬಂದು, "ಅಮ್ಮ, ಬೂಟು ಭಾರ," ಅಂತಾನಂತೆ.

ಊರಿಗೆ ಬಂದ ವಾರ ಹಾರ್ಟ್‌ವೆಲ್ಲಿನ ಮಾಜಿ ಸೈನಿಕರ ಕ್ಲಬ್ಬಿಗೆ ಹೋದೆ. ಯೂನಿಫಾರ್ಮ್ ಹಾಕಿದ್ದೆ. ಬೂಟು ಕನ್ನಡಿ ಥರ ಇತ್ತು. ಬಾಗಿಲಲ್ಲಿ ನಿಂತಿದ್ದೋನು ಒಂದು ಕಾಲು ಕಳ್ಕೊಂಡಿದ್ದ, ಒಳ್ಳೆ ಮನುಷ್ಯ. ಮುಖ ಕೆಳಗೆ ಹಾಕ್ಕೊಂಡು ಹೇಳಿದ, "ಒಳಗೆ ಮದ್ಯ ಇದೆ ತಂಗಿ. ಇಂಡಿಯನ್ನರು ಮದ್ಯ ಇರೋ ಜಾಗಕ್ಕೆ ಬರೋ ಹಾಗಿಲ್ಲ. ಕಾನೂನು. ಹಿಂದೆ ಅಡಿಗೆಮನೆ ಕಡೆ ಬಾ."

ಹೋದೆ. ಮೆಟ್ಟಿಲ ಮೇಲೆ ಕೂತೆ. ಕಾಗದದಲ್ಲಿ ಕೇಕಿನ ತುಂಡು ತಂದುಕೊಟ್ಟ. ಒಳಗೆ ಹಾಡ್ತಿದ್ರು. ಆ ಹಾಡುಗಳೆಲ್ಲ ನನಗೆ ಬರ್ತಿದ್ವು. ಅವರ ಅಂಗಿ ಒಗೆದಿದ್ದು ನಾನು. ಅವರ ರಕ್ತದ ವಾಸನೆ ಗೊತ್ತು ನನಗೆ. ಕೇಕ್ ತಿಂದೆ. ಹಸಿವಾಗಿತ್ತು, ತಿಂದೆ. ಅದೇ ಈಗಲೂ ಉರಿಯುತ್ತೆ.

ಆಮೇಲೆ ಕ್ರಾಡಕ್ ಹತ್ರ ಹೋದ್ವಿ, ನಾನು, ಅಮ್ಮ. ಕೂರೋಕೆ ಹೇಳಲಿಲ್ಲ.

"ಸರ್, ಇಗ್ನೇಸಿಗೆ ಊಟ ಹಾಕಬೇಕು."

"ಹಾಕಿ. ಅನ್ನ ಹಾಕೋದಕ್ಕೆ ಯಾರು ಬೇಡ ಅಂತಾರೆ?"

"ಹಂಚಬೇಕು."

"ಅದು ಮಾತ್ರ ಇಲ್ಲ. ನೀವು ಇದ್ದದ್ದೆಲ್ಲ ಹಂಚಿ ಬರಿಗೈ ಆಗಿ, ಆಮೇಲೆ ನನ್ನ ಹತ್ರ ಹಿಟ್ಟಿಗೆ ಬರ್ತೀರಿ. ಕೂಡಿಡೋದು ಕಲೀಬೇಕು, ಡೆಲ್ಫೀನ್. ನೀನು ಲೋಕ ನೋಡಿ ಬಂದೋಳು, ಇವರಿಗೆ ಬುದ್ಧಿ ಹೇಳು."

"ನನ್ನಣ್ಣ ಇದ್ದದ್ದನ್ನೆಲ್ಲ ಕೊಟ್ಟು ಹೋದ ಸರ್. ಅವನಿಗೆ ಯಾರೂ ಕೂಡಿಡು ಅನ್ನಲಿಲ್ಲ."

ಕ್ರಾಡಕ್ ಕನ್ನಡಕ ಒರೆಸಿದ. "ನವೆಂಬರ್ ಹನ್ನೊಂದಕ್ಕೆ ಸ್ಮಾರಕದ ಹತ್ರ ಬಾ. ಯೂನಿಫಾರ್ಮಲ್ಲಿ. ಮುಂದಿನ ಸಾಲಲ್ಲಿ ನನ್ನ ಪಕ್ಕ ನಿಲ್ಲು. ಪೇಪರಿನೋರು ಬರ್ತಾರೆ. ನಮ್ಮ ಇಂಡಿಯನ್ನರೂ ರಾಜನಿಗೆ ದುಡಿದ್ರು ಅಂತ ಗೊತ್ತಾಗಲಿ."

ಅಷ್ಟೊತ್ತಿಗೆ ನಾನು ಕಾಲು ಅಗಲಿಸಿ ನಿಂತು ಹೇಳಿದೆ, "ಬಂದೂಕು ನಿನ್ನ ಕೈಲಿರಬಹುದು ಷೆರಿಫ್, ಸೂರ್ಯ ನನ್ನ ಬೆನ್ನಿಗಿದಾನೆ."

"ಹೇಳಿದ್ಯಾ?" ಅಂತಾಳೆ ಅಮ್ಮ.

ಮನಸ್ಸಲ್ಲಿ.

"ಬಾಯಲ್ಲಿ ಏನಂದೆ ಹೇಳು ಇವರಿಗೆ."

'ಎಸ್ ಸರ್' ಅಂದೆ. ಆದ್ರೆ ದಾರೀಲಿ ಬರ್ತಾ ತಲೆ ಓಡ್ತು ನೋಡಿ. ನವೆಂಬರ್ ಹನ್ನೊಂದು. ಯುದ್ಧದಲ್ಲಿ ಸತ್ತವರನ್ನ ನೆನೆಯೋ ದಿನ. ಸ್ಮಾರಕದ ಮುಂದೆ ಕಹಳೆ ಊದ್ತಾರೆ. ಆಮೇಲೆ ಎರಡು ನಿಮಿಷ ಮೌನ, ಮತ್ತೆ ಕಹಳೆ ಊದೋವರೆಗೂ. ಟೋಪಿ ಕೈಲಿ, ತಲೆ ಬಗ್ಗಿಸಿ, ಸತ್ತವರಿಗೋಸ್ಕರ. ಆ ಎರಡು ನಿಮಿಷ ಕೆಮ್ಮಿದ್ರೂ ಪಾಪ. ಮೇಯರ್ ಕೆಮ್ಮಲ್ಲ. ಪೊಲೀಸ್ ಕೆಮ್ಮಲ್ಲ. ಕ್ರಾಡಕ್ ಅಂತೂ ಸತ್ತರೂ ಕೆಮ್ಮಲ್ಲ.

"ಅಮ್ಮ," ಅಂದೆ, "ಎರಡು ನಿಮಿಷದಲ್ಲಿ ಎಷ್ಟು ಜನಕ್ಕೆ ಹಂಚಬಹುದು?"

ಅಮ್ಮ ದಾರೀಲೇ ನಿಂತಳು. ಆಮೇಲೆ ನಕ್ಕಳು. ಇಗ್ನೇಸ್ ಹೋದಮೇಲೆ ಮೊದಲ ಸಲ ನಕ್ಕಿದ್ದು.

"ಎಷ್ಟು ಹೆಂಗಸರು ಇದೀವಿ ಅನ್ನೋದರ ಮೇಲೆ," ಅಂದಳು.

ರಿಸರ್ವಿನ ಹೆಂಗಸರೆಲ್ಲ ಕೂತರು. ನನ್ನ ಸೈನ್ಯದ ಕಂಬಳಿ ಕತ್ತರಿಸಿ ಕೈಗವಸಿಗೆ ಅಸ್ತರು ಮಾಡಿದ್ವಿ. ಮೇಲೆ ಮೂಸ್ ಕಡವೆ ಚರ್ಮ, ಹೊಗೆ ಹಾಕಿ ಹದ ಮಾಡಿದ್ದು. ಮಾವನ ಹೆಂಡತಿಯ ತಂಗಿ ಬರ್ನಿಸ್ ಚರ್ಮ ಹಲ್ಲಲ್ಲಿ ಕಚ್ಚಿ ಮೆತ್ತಗೆ ಮಾಡ್ತಾ ಕೇಳಿದ್ಲು, "ಲೇ, ಇಷ್ಟು ಚೆನ್ನಾಗಿರೋದನ್ನ ಆ ಮೇಯರ್ ಹೆಂಡತಿಗೆ ಕೊಡಬೇಕಾ?"

"ಇಗ್ನೇಸಿಗೆ ಕೊಡ್ತಿರೋದು," ಅಂದಳು ಅಮ್ಮ. "ಕೈ ಯಾರದ್ದಾದ್ರೆ ಏನು."

"ಆದ್ರೂ ಅವಳಿಗೆ ಎರಡೂ ಎಡಗೈದೇ ಕೊಡೋಣ ಕಣಕ್ಕ."

ಕಾಲ್ಚೀಲ, ಸೋಪು, ನಾನು ಇಂಗ್ಲೆಂಡಿಂದ ತಂದ ನೀಲಿ ಡಬ್ಬಿ ಚಹಾ, ಒಣಗಿಸಿದ ಹಣ್ಣು. ಎಲ್ಲ ಚೀಲಕ್ಕೆ ಹೋಯ್ತು. ಮನೇಲಿ ಒಲೆ, ಪಾತ್ರೆ, ನಾವು ಮಾತ್ರ ಉಳಿದ್ವಿ. ನಾನು ಆರ್ಡರ್ ಕೊಟ್ಟೆ. ನಾನು ಮುಂದಿನ ಸಾಲಲ್ಲಿ ಇರ್ತೀನಿ, ನೀವು ಹಗ್ಗದ ಹಿಂದೆ. ಕಹಳೆ ನಿಂತ ಕೂಡಲೇ ನಾನು ಮೊದಲ ಹೆಜ್ಜೆ ಇಡ್ತೀನಿ. ನನ್ನ ನೋಡಿ ನೀವು ಹೊರಡಿ.

ಹನ್ನೊಂದನೇ ತಾರೀಕು. ಉಗುಳಿದ್ರೆ ಹೆಪ್ಪುಗಟ್ಟೋ ಚಳಿ. ಕಲ್ಲಿನ ಮೇಲೆ ಹೊಸದಾಗಿ ಕೆತ್ತಿದ ಹೆಸರು. ಹಾರ್ಟ್‌ವೆಲ್ ಹುಡುಗರೆಲ್ಲ ಇದ್ರು. ಇಗ್ನೇಸ್ ಇರಲಿಲ್ಲ. ರಿಸರ್ವಿನೋರು ಊರಿನೋರಲ್ವಲ್ಲ. ನಮ್ಮೋರನ್ನ ಹಗ್ಗ ಕಟ್ಟಿ ಹಿಂದೆ ನಿಲ್ಲಿಸಿದ್ರು. ನಾನು ಮುಂದೆ, ಕ್ರಾಡಕ್ ಪಕ್ಕ. ಪೇಪರಿನ ಹುಡುಗ ಕೇಳಿದ, "ತಲೆಗೆ ಗರಿ ಇಲ್ವಾ, ಸಿನಿಮಾದಲ್ಲಿ ಇರುತ್ತಲ್ಲ?" "ಹಾರಿ ಹೋಯ್ತು," ಅಂದೆ.

ಕಹಳೆ. ನಿಂತಿತು. ಟೋಪಿ ಇಳಿದ್ವು, ತಲೆ ಬಗ್ಗಿದ್ವು.

ಆಗ ನಾನು ಹೆಜ್ಜೆ ಇಟ್ಟೆ. ಬೂಟಿನ ಕೆಳಗೆ ಹಿಮ ಕರಕರ ಅಂತು. ಹಿಂದೆ ಹಗ್ಗದ ಕೆಳಗಿಂದ ಹೆಂಗಸರು ನುಗ್ಗಿ ಬಂದ್ರು. ಎದೆ ಉಬ್ಬಿಸಿ ನಡೆದೆ ಸಾಲಿನ ಉದ್ದಕ್ಕೂ. ಮೇಯರಿಗೆ ಕಾಲ್ಚೀಲ. ಪಾದ್ರಿಗೆ ಸೋಪು, ಹಳೇ ಸಾಲ ತೀರಿಸಿದ ಹಾಗೆ. ಪೊಲೀಸಿನೋನ ಕಂಕುಳಿಗೆ ಹೊಗೆಸೊಪ್ಪಿನ ಪೊಟ್ಟಣ. ಯಾವನೂ ಅಲ್ಲಾಡಲಿಲ್ಲ, ಅಲ್ಲಾಡಿದ್ರೆ ಸತ್ತ ಮಕ್ಕಳಿಗೆ ಅವಮಾನ. ಕೊನೆಗೆ ಕ್ರಾಡಕ್ ಮುಂದೆ ನಿಂತೆ. ಅವನ ಬರಿಗೈ ಚಳಿಗೆ ಬಾಡಿದ ಬೀಟ್ರೂಟ್ ಥರ ಆಗಿತ್ತು. ಒಂದೊಂದೇ ಬೆರಳು ನೋಡಿ ಕೈಗವಸು ತೊಡಿಸಿದೆ. ಮದುವಣಗಿತ್ತಿಗೆ ಬಳೆ ತೊಡಿಸೋ ಹಾಗೆ. ಅವನ ಕಿವಿ ಕೆಂಪಗಾಯ್ತು. ತಲೆ ಎತ್ತೋ ಹಾಗಿಲ್ಲ. ಕಡೆಗೆ ನನ್ನ ಮೈಮೇಲಿನ ಕೋಟು, ರಾಜನ ಕಿರೀಟದ ಗುಂಡಿ ಇದ್ದ ಕೋಟು ಬಿಚ್ಚಿ ಅಮ್ಮನಿಗೆ ಹೊದಿಸಿದೆ. ಮತ್ತೆ ಕಹಳೆ.

ತಲೆ ಎತ್ತಿದ್ರು. ಒಂದು ಗಳಿಗೆ ಯಾರಿಗೂ ಏನೂ ಅರ್ಥ ಆಗಲಿಲ್ಲ. ಊರಿಗೆ ಊರೇ ಕೈಲಿ ಪೊಟ್ಟಣ ಹಿಡ್ಕೊಂಡು ನಿಂತಿದೆ. ಮೇಯರ್ ಹೆಂಡತಿ ಕೈಗವಸು ಮೂಸಿ ನೋಡ್ತಿದಾಳೆ. ಬರ್ನಿಸ್ ಕೊಟ್ಟಿದ್ದು ಎರಡೂ ಸರಿಯಾದ ಕೈದೇ. ಕೊನೇಲಿ ಮನಸ್ಸು ಬರಲಿಲ್ವಂತೆ.

ಕ್ರಾಡಕ್ ಕೈ ಮುಂದೆ ಹಿಡಿದು ನೋಡ್ಕೊಂಡ. "ಯಾರು ಇದನ್ನ ಮಾಡಿದ್ದು?"

ಪೊಲೀಸಿನೋನು ಹಗ್ಗದ ಹತ್ರ ಹೋಗಿ ಕೇಳಿದ. "ಯಾರು ಹಂಚಿದ್ದು?"

"ನಾನು ನೋಡಲಿಲ್ಲ ಸರ್," ಅಂದ ಜೊವಾಕಿಮ್ ಮಾವ. "ತಲೆ ಬಗ್ಗಿಸಿದ್ದೆ. ಎರಡು ನಿಮಿಷ ಮೌನ ಅಲ್ವಾ."

"ನೀನು?"

"ಬಗ್ಗಿಸಿದ್ದೆ ಸರ್. ನೀವೂ ಬಗ್ಗಿಸಿದ್ರಲ್ವಾ?"

ಆಮೇಲೆ ಮಾವ ಟೋಪಿ ಎದೆಗೆ ಒತ್ತಿಕೊಂಡು, ಬಲು ವಿನಯವಾಗಿ ಕೇಳಿದ, "ಕ್ರಾಡಕ್ ಸಾಹೇಬ್ರೇ, ಒಂದು ಸಂಶಯ. ಕಾನೂನಲ್ಲಿ ಕೈಜೋಡಿಸಿದೋರಿಗೂ ಜೈಲು ಅಂತ ಇದೆಯಲ್ಲ. ಈಸ್ಕೊಂಡು ತೊಟ್ಕೊಂಡೋರೂ ಅದರಲ್ಲಿ ಬರ್ತಾರಾ? ನಾನು ಒಳಗಿದ್ದಾಗ ಜಾಗ ಸ್ವಲ್ಪ ಇಕ್ಕಟ್ಟು. ಇಷ್ಟು ಜನ ಹಿಡಿಯಲ್ಲ."

ಯಾರೋ ಹಿಂದಿಂದ ಕಿಸಕ್ಕಂದ್ರು. ಬಿಳಿಯೋರೇ. ಕ್ರಾಡಕ್ ಕೈಗವಸು ಕಿತ್ತು ಹಿಮಕ್ಕೆ ಎಸೆದ. ನಮ್ಮ ಹೆಂಗಸರು ಒಟ್ಟಿಗೆ ಉಸಿರೆಳ್ಕೊಂಡ್ರು. ಕೊಟ್ಟಿದ್ದನ್ನ ನೆಲಕ್ಕೆ ಎಸೆಯೋದು ನಮ್ಮಲ್ಲಿ ಮುಖಕ್ಕೆ ಉಗಿದಷ್ಟೇ. ಆಗ ಕ್ಲಬ್ಬಿನ ಒಂಟಿ ಕಾಲಿನೋನು ಊರುಗೋಲು ಊರ್ಕೊಂಡು ಬಂದು, ಬಗ್ಗಿ, ಅದನ್ನ ಎತ್ತಿ, ಹಿಮ ಕೊಡವಿ, ತನ್ನ ಜೇಬಿಗೆ ಇಟ್ಕೊಂಡ. ಯಾರ ಮುಖಾನೂ ನೋಡಲಿಲ್ಲ.

ಪೊಲೀಸಿನೋನಿಗೆ ಅಮ್ಮನ ಮೇಲಿನ ಕೋಟು ಕಂಡಿತು. "ಇದೆಲ್ಲಿಂದ ಬಂತು ನಿನಗೆ?"

"ನಾನು ಕೊಟ್ಟೆ," ಅಂದೆ. "ಕೋಟು ನಾನು ಕೊಟ್ಟೆ. ಎಲ್ಲಾ ನಾನೇ ಕೊಟ್ಟೆ. ಒಬ್ಬಳೇ. ಬರ್ಕೊಳ್ಳಿ."

ಬರ್ಕೊಂಡ್ರು. ಜಡ್ಜ್ ಮುಂದೇನೂ ಅದನ್ನೇ ಹೇಳಿದೆ. ಸೈನ್ಯದೋಳು ಅಂತ ಒಂದು ತಿಂಗಳಿಗೆ ಮುಗಿಸಿದ. ಜೈಲಲ್ಲಿ ಏನು ಕೆಲಸ ಕೊಟ್ರು ಹೇಳಿ ನೋಡೋಣ. ಒಗೆಯೋದು. ಈ ದೇಶಕ್ಕೆ ನನ್ನನ್ನ ನೋಡಿದ್ರೆ ಕೊಳೆ ನೆನಪಾಗುತ್ತೆ ಅನ್ಸುತ್ತೆ.

ಆಯ್ತು. ಕಥೆ ಮುಗೀತು. ಚಪ್ಪಾಳೆ ಹೊಡೀಬಹುದು.

"ಮುಗೀಲಿಲ್ಲ," ಅಂತಾಳೆ ಅಮ್ಮ. ಬಾಚಣಿಗೆ ಕೆಳಗಿಟ್ಟಿದಾಳೆ. "ಮನೆಯೋರಿಗೆ ಕೊಡೋ ಹಾಗಿಲ್ಲ ಅಂತ ನೀನೇ ಹೇಳಿದೆ. ಹಾಗಾದ್ರೆ ನನಗೆ ಕೋಟು ಯಾಕೆ ಬಂತು? ಹೇಳು ಇವರಿಗೆ."

ಬಿಡಮ್ಮ.

"ಹೋದ ವರ್ಷ ಆ ಕಾನೂನು ತೆಗೆದುಹಾಕಿದ್ರು. ಕಳ್ಳರ ಹಾಗೆ, ಯಾರಿಗೂ ಹೇಳದೆ ತೆಗೆದುಹಾಕಿದ್ರು. ನಿಜ ಹೇಳಿದ್ರೂ ಇನ್ನು ಯಾರಿಗೂ ಜೈಲಿಲ್ಲ. ಜೈಲು ನೀನು ಹೋದೆ, ಅದು ನಿಂದೇ ಇಟ್ಕೋ. ಹಂಚಿದ್ದು ನಂದು. ಅದನ್ನ ವಾಪಸ್ ಕೊಡು."

ಸರಿ. ಹೇಳ್ತೀನಿ.

ಕಹಳೆ ನಿಂತಿತು. ನನ್ನ ಹಿಮ್ಮಡಿ ಕೂಡಿದ್ವು. ನಾನು ಕೂಡಿಸಲಿಲ್ಲ, ಅವೇ ಕೂಡಿದ್ವು. ಗದ್ದ ಎದ್ದಿತು. ಹೆಬ್ಬೆರಳು ಹೊಲಿಗೆ ಮೇಲೆ ಹೋಗಿ ಕೂತ್ಕೊಳ್ತು. ಹೆಜ್ಜೆ ಇಡು ಅಂತ ಕಾಲಿಗೆ ಹೇಳಿದೆ. ಕಾಲು ನನ್ನದಾಗಿರಲಿಲ್ಲ. ಕಾರ್ಪೊರಲ್ ಪೈಜಾಮ ಹೊಲಿದೋಳು, ಷೆರಿಫಿಗೆ ಡೈಲಾಗ್ ಕಟ್ಟಿದೋಳು, ಕ್ರಾಡಕ್ ಪಕ್ಕ ಅವನಿಗಿಂತ ನೆಟ್ಟಗೆ ಕಂಬದ ಹಾಗೆ ನಿಂತಿದ್ದೆ. ಅಲ್ಲಿದ್ದ ಅಷ್ಟೂ ಜನರಲ್ಲಿ ಅತಿ ಚೆನ್ನಾಗಿ ನಿಂತಿದ್ದೋಳು ನಾನೇ.

ಹಗ್ಗದ ಹಿಂದೆ ಹೆಂಗಸರು ನನ್ನ ಹೆಜ್ಜೆಗೆ ಕಾಯ್ತಿದ್ರು. ಗಳಿಗೆ ಹೋಗ್ತಿತ್ತು. ಆಮೇಲೆ ಕೇಳಿಸ್ತು. ಕರಕರ. ಬೂಟಿನದ್ದಲ್ಲ, ಚರ್ಮದ ಮೆಟ್ಟಿನದು. ಅಮ್ಮ ಹಗ್ಗ ಎತ್ತಿ ದಾಟಿ ಬಂದಿದ್ಲು. ಮೋಟು ಕೂದಲು, ಬರಿ ತಲೆ, ಹೆಗಲಲ್ಲಿ ಚೀಲ. ಅವಳ ಹಿಂದೆ ಬರ್ನಿಸ್, ಬರ್ನಿಸ್ ಹಿಂದೆ ಎಲ್ಲರೂ. ಮೇಯರಿಗೆ, ಪಾದ್ರಿಗೆ, ಪೊಲೀಸಿಗೆ ಎಲ್ಲ ಕೊಟ್ಟಿದ್ದು ಅವರು. ಕ್ರಾಡಕ್ ಬೆರಳು ಒಂದೊಂದೇ ಹಿಡಿದು ಕೈಗವಸು ತೊಡಿಸಿದ್ದು ಅಮ್ಮ. ಹಿಟ್ಟಿನ ಚೀಲ ಅಗಲಿಸಿ ಹಿಡಿದಿದ್ದ ಕೈಯಲ್ಲಿ.

ಮುಂದಿನೋಳು ನಾನು.

ನನ್ನ ಮುಖ ನೋಡಿದ್ಲು. ಮ‍ಗಳ ಮುಖ ನೋಡೋ ಹಾಗಲ್ಲ. ಹಾರ್ಟ್‌ವೆಲ್ಲಿನ ಯಾರದೋ ಮುಖ ನೋಡೋ ಹಾಗೆ. ಸಿಟ್ಟಿರಲಿಲ್ಲ. ಚೀಲಕ್ಕೆ ಕೈ ಹಾಕಿದ್ಲು. ನೀಲಿ ಡಬ್ಬಿ ಚಹಾ ತೆಗೆದು ನನ್ನ ಕೈಲಿಟ್ಲು.

ಪರರಿಗೆ ಕೊಡೋ ಹಾಗೆ ಕೊಟ್ಲು.

ಆಗ ಕಾಲು ಬಿಚ್ಚಿತು. ಹೇಗೆ ಅಂತ ಕೇಳಬೇಡಿ. ಮೊದಲು ಎಡ ಹಿಮ್ಮಡಿ, ಆಮೇಲೆ ಬಲ. ಡಬ್ಬಿ ಕಂಕುಳಲ್ಲಿ ಇಟ್ಕೊಂಡು ಕೋಟಿನ ಗುಂಡಿ ಬಿಚ್ಚೋಕೆ ಶುರು ಮಾಡಿದೆ. ಬೆರಳು ಸೆಟೆದಿತ್ತು, ಗುಂಡಿಯಲ್ಲಿ ರಾಜನ ಕಿರೀಟ ಗೆಣ್ಣಿಗೆ ಒತ್ತುತ್ತಿತ್ತು. ನಾನು ನಿನಗೆ ಪರರು ಅಂದ್ರೆ ನೀನೂ ನನಗೆ ಪರರು. ಪರರಿಗೆ ಕೊಡಬಹುದು. ಬಾಯಿಬಿಟ್ಟು ಹೇಳಲಿಲ್ಲ, ಮೌನ ಇತ್ತಲ್ಲ. ಕೋಟು ಬಿಚ್ಚಿ ಅವಳ ಹೆಗಲ ಮೇಲೆ ಹಾಕಿದೆ. ಅವಳು ಬೇಡ ಅನ್ನಲಿಲ್ಲ. ಎರಡೂ ತೋಳು ತೂರಿಸಿಕೊಂಡಳು. ಕೋಟು ಈಸ್ಕೊಂಡು, ನಮ್ಮ ಪದ್ಧತಿಯಲ್ಲಿ ಈಸ್ಕೊಂಡೋರು ಮಾಡೋ ಹಾಗೆ, ನನ್ನ ಕೈ ಕುಲುಕಿದಳು. ಆಮೇಲೆ ಚೀಲದ ಒಂದು ಕಿವಿ ನನ್ನ ಕೈಗೆ ಕೊಟ್ಟಳು.

ಉಳಿದಿದ್ದು ಒಂದು ಜೊತೆ ಕಾಲ್ಚೀಲ. ಅದನ್ನ ಹಂಚಿದ್ದು ನಾನು. ಕಹಳೆಯೋನು ಊದೋಕೆ ಬಾಯಿಗಿಟ್ಟಿದ್ದ, ಅವನ ಕಂಕುಳಿಗೆ ತುರುಕಿದೆ. ಅದಕ್ಕೇ ಮೊದಲ ಸ್ವರ ಬಾತುಕೋಳಿ ಕಿರುಚಿದ ಹಾಗೆ ಬಂತು. ಕಹಳೆ ಮುಗಿಯೋವರೆಗೂ ಎಲ್ಲರೂ ಅಟೆನ್ಷನ್‌ನಲ್ಲಿದ್ರು. ಯೂನಿಫಾರ್ಮ್ ಹಾಕಿದ್ದ ನಾನೊಬ್ಬಳೇ ಇರಲಿಲ್ಲ.

"ಈಗ ಸರಿ," ಅಂತಾಳೆ ಅಮ್ಮ. ಬಾಚಣಿಗೆ ಎತ್ತಿಕೊಂಡಿದಾಳೆ. ಅವತ್ತಿಂದ ಆ ಕೂದಲಿಗೆ ಕತ್ತರಿ ಬಿದ್ದಿಲ್ಲ. ಇಗ್ನೇಸ್ ಕನಸಲ್ಲಿ ಬರೋದೂ ನಿಂತಿದೆ.

ಆ ನೀಲಿ ಡಬ್ಬಿ ಅಗೋ, ಒಲೆ ಮೇಲಿನ ಹಲಗೆ ಮೇಲೆ. ನೀವು ಕುಡೀತಿರೋದು ಅದರದ್ದಲ್ಲ, ಬೇರೆ ಚಹಾ. ಅದರ ಮುಚ್ಚಳ ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ. ಈಗಲೂ ಯಾವನಾದ್ರೂ ಆಫೀಸಲ್ಲಿ ಗಟ್ಟಿ ದನಿ ತೆಗೆದ್ರೆ ನನ್ನ ಹಿಮ್ಮಡಿ ಕೂಡೋಕೆ ನೋಡ್ತವೆ. ಆಗ ಆ ಡಬ್ಬಿ ನೆನೆಸ್ಕೊಳ್ತೀನಿ. ಕಾಲು ಅಗಲಿಸಿ ನಿಲ್ತೀನಿ.